ಸೊಂಟದ ಸಣ್ಣ ಪಿಸ್ತೂಲು: ಲೈಸೆನ್ಸಿನಿಂದ ಬೆಲ್ಟಿನವರೆಗೆ

ಮೈಸೂರು, ಮಂಡ್ಯ ಕಡೆ ಆತ್ಮರಕ್ಷಣೆಗೆ ಕೈಬಂದೂಕು ಬೇಕು ಅನ್ನುವವರು ಮೊದಲು ಕೇಳುವುದು "ಯಾವ ಪಿಸ್ತೂಲು ತಗೊಳ್ಳೋಣ" ಎಂದು. ಅದು ನಾಲ್ಕನೆಯದಾಗಿ ಕೇಳಬೇಕಾದ ಪ್ರಶ್ನೆ. ಲೈಸೆನ್ಸು ಯಾವ ಷರತ್ತಿನ ಮೇಲೆ ಸಿಗುತ್ತದೆ, ಮನೆಯಲ್ಲಿ ಎಲ್ಲಿಡುತ್ತೀರಿ, ಮೈಮೇಲೆ ಹೇಗೆ ಹೊರುತ್ತೀರಿ ಎಂಬ ಮೂರು ಮಾತು ಇತ್ಯರ್ಥವಾದರೆ ಆಯ್ಕೆ ತಾನಾಗಿಯೇ ಎರಡು ಮೂರು ಮಾದರಿಗೆ ಇಳಿಯುತ್ತದೆ. ಕ್ರಮ ತಿರುಗುಮುರುಗಾದರೆ ದುಬಾರಿ ಪಿಸ್ತೂಲು ಕೊಂಡು, ಅದಕ್ಕೆ ಹೊಂದದ ಸಡಿಲ ಹೋಲ್‌ಸ್ಟರ್ (ಆಯುಧ ಸಿಕ್ಕಿಸುವ ಒರೆ) ಹಾಕಿ, ಕೊನೆಗೆ ಬೀರುವಿನಲ್ಲಿ ಮುಚ್ಚಿಡುವುದೇ ಆಗುತ್ತದೆ.

ಮುಚ್ಚಿ ಒಯ್ಯುವುದು ಕಾನೂನಿನ ಷರತ್ತು

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕೈಬಂದೂಕು ಒಯ್ಯುವಾಗ ಅದು ಹೋಲ್‌ಸ್ಟರಿನಲ್ಲೋ ಅದಕ್ಕೆ ತಕ್ಕ ಚೀಲದಲ್ಲೋ ಇರಬೇಕು, ಪೂರ್ತಿ ಮುಚ್ಚಿರಬೇಕು, ಒಯ್ಯುವವನ ಹತೋಟಿಯಲ್ಲಿರಬೇಕು. ಮದುವೆ ಮನೆಯಲ್ಲಿ ಅಂಗಿ ಸರಿಸಿ ಹಿಡಿಕೆ ಕಾಣಿಸುವುದು, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಇಟ್ಟುಕೊಂಡು ಓಡಾಡುವುದು, ಎರಡೂ ಈ ನಿಯಮಕ್ಕೆ ವಿರುದ್ಧ. ಸಂಭ್ರಮಕ್ಕೆಂದು ಅಜಾಗರೂಕವಾಗಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಾಗಾಗಿ ಈ ಬರಹದಲ್ಲಿ ಹೋಲ್‌ಸ್ಟರಿಗೆ ಪಿಸ್ತೂಲಿನಷ್ಟೇ ಮಹತ್ವ ಕೊಟ್ಟಿದೆ.

ಲೈಸೆನ್ಸು

1959ರ ಶಸ್ತ್ರಾಸ್ತ್ರ ಕಾಯ್ದೆಯಡಿ 21 ವರ್ಷ ತುಂಬಿರಬೇಕು. ಮೈಸೂರು ನಗರ ವ್ಯಾಪ್ತಿಯವರಿಗೆ ಪೊಲೀಸ್ ಆಯುಕ್ತರು, ಮೈಸೂರು ಗ್ರಾಮಾಂತರ ಮತ್ತು ಮಂಡ್ಯ ಜಿಲ್ಲೆಯವರಿಗೆ ಜಿಲ್ಲಾಧಿಕಾರಿಗಳು ಲೈಸೆನ್ಸ್ ಕೊಡುವ ಅಧಿಕಾರಿಗಳು. ಪಕ್ಕದ ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯ ಜಮೀನಿನವರಿಗೆ) ಇರುವ ಲೈಸೆನ್ಸಿನ ವಿನಾಯಿತಿಯನ್ನು ನಂಬಿ ಪಿರಿಯಾಪಟ್ಟಣದಲ್ಲೋ ಹುಣಸೂರಿನಲ್ಲೋ ಇರುವ ಬೇರೆಯವರು ಕೋವಿ ಕೈಗೆ ತೆಗೆದುಕೊಳ್ಳುವ ಹಾಗಿಲ್ಲ. ಬೆಳೆ ರಕ್ಷಣೆಗೆಂದು ಕೊಟ್ಟ ತೋಟಾ ಕೋವಿಯ ಲೈಸೆನ್ಸು ಕೂಡ ಪಿಸ್ತೂಲಿಗೆ ಆಗುವುದಿಲ್ಲ. ಅದರ ಉದ್ದೇಶ ಬೇರೆ, ಆಯುಧ ಬೇರೆ.

ಅರ್ಜಿ ಎ-1 ನಮೂನೆಯಲ್ಲಿ. ಜೊತೆಗೆ ಭಾವಚಿತ್ರ, ಹುಟ್ಟಿದ ದಿನಾಂಕ, ಗುರುತು ಮತ್ತು ವಿಳಾಸದ ದಾಖಲೆ, ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಸುರಕ್ಷತೆಯ ತರಬೇತಿ ಪ್ರಮಾಣಪತ್ರ ಬೇಕು. ಈ ತರಬೇತಿಯನ್ನು ಬರೀ ಕಾಗದವೆಂದು ಮುಗಿಸಬೇಡಿ. ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸಿದಾಗ ಸೇರಿಕೊಳ್ಳಿ. ಅಲ್ಲಿ ಕಲಿಸುವ ಶಿಸ್ತು ಪಿಸ್ತೂಲಿಗೂ ಅದೇ: ನಳಿಕೆ ಎಂದೂ ಮನುಷ್ಯರ ಕಡೆ ತಿರುಗಬಾರದು, ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನ ಒಳಗೆ ಹೋಗಬಾರದು.

ಅರ್ಜಿಯಲ್ಲಿ ತೂಕವಿರುವ ಕಾಲಂ ಒಂದೇ: ಯಾಕೆ ಬೇಕು. "ಆತ್ಮರಕ್ಷಣೆಗೆ" ಎಂದು ಒಂದು ಪದ ಬರೆದು ಬಿಟ್ಟರೆ ಪೊಲೀಸ್ ವರದಿಯಲ್ಲಿ ಅದು ನಿಲ್ಲುವುದಿಲ್ಲ. ರಾತ್ರಿ ನಗದು ಒಯ್ಯುವ ಕೆಲಸವಿದ್ದರೆ ಅದರ ದಾಖಲೆ, ಬೆದರಿಕೆ ಬಂದಿದ್ದರೆ ಠಾಣೆಗೆ ಕೊಟ್ಟ ದೂರಿನ ಪ್ರತಿ, ಒಂಟಿ ತೋಟದ ಮನೆಯಾಗಿದ್ದರೆ ಅದರ ವಿವರ ಸೇರಿಸಿ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕರಿಸುವಂತಿಲ್ಲ ಎಂದು ಕಾಯ್ದೆಯ 14ನೇ ಸೆಕ್ಷನ್ನೇ ಹೇಳುತ್ತದೆ, ಆದ್ದರಿಂದ ಪಹಣಿಯ ಕಟ್ಟು ಹಿಡಿದು ಓಡಾಡುವುದರಿಂದ ಅರ್ಜಿಗೆ ಬಲ ಬರುವುದಿಲ್ಲ.

ನಮ್ಮ ಕಡೆಯವರು ಮರೆಯುವ ಒಂದು ಅಂಶವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸು ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಮುಂಚಿತ ಸಮ್ಮತಿ ಬೇಕು. ಶ್ರೀರಂಗಪಟ್ಟಣದ ಸುತ್ತ ರಂಗನತಿಟ್ಟು, ಪಾಂಡವಪುರ ಕಡೆ ಮೇಲುಕೋಟೆ, ಹುಣಸೂರು ಕಡೆ ಅರಬಿತಿಟ್ಟು ಇವೆ. ನಿಮ್ಮ ಮನೆ ಈ ವ್ಯಾಪ್ತಿಯಲ್ಲಿದ್ದರೆ ಕಡತ ಅರಣ್ಯ ಇಲಾಖೆಗೂ ಹೋಗಿ ಬರಬೇಕು, ಆ ಸಮಯವನ್ನು ಲೆಕ್ಕಕ್ಕೆ ಹಿಡಿಯಿರಿ.

ಲೈಸೆನ್ಸು ಕೈಗೆ ಬಂದಾಗ ನಾಲ್ಕು ಕಡೆ ಕಣ್ಣಾಡಿಸಿ: ಯಾವ ಬಗೆಯ ಆಯುಧ ಎಂದು ಬರೆದಿದೆ, ಯಾವ ಪ್ರದೇಶಕ್ಕೆ ಊರ್ಜಿತ, ಎಷ್ಟು ಗುಂಡು ಇಟ್ಟುಕೊಳ್ಳಬಹುದು, ಯಾವ ತಾರೀಖಿನೊಳಗೆ ಆಯುಧ ಕೊಳ್ಳಬೇಕು. ಲೈಸೆನ್ಸಿನ ಅವಧಿ 5 ವರ್ಷ. ಒಬ್ಬರಿಗೆ ಗರಿಷ್ಠ ಎರಡು ಬಂದೂಕು.

ಯಾವ ಬೋರು, ಯಾವ ಮಾದರಿ

ಅಮೆರಿಕದ ವಿಡಿಯೋಗಳಲ್ಲಿ ಕಾಣುವ 9 ಎಂ.ಎಂ. ಪಿಸ್ತೂಲು ನಮ್ಮಲ್ಲಿ ನಿಷೇಧಿತ ಬೋರು (ನಳಿಕೆಯ ಒಳ ಅಳತೆ), ಸಾಮಾನ್ಯ ನಾಗರಿಕರಿಗೆ ಸಿಗುವುದಿಲ್ಲ. ಕೈಗೆ ಸಿಗುವುದು ಮುಖ್ಯವಾಗಿ .32, ಮತ್ತೆ .22. ಇದರಲ್ಲಿ .22 ಗುಂಡು ಅಭ್ಯಾಸಕ್ಕೆ ಚೆನ್ನ, ರಕ್ಷಣೆಗೆ ಅಲ್ಲ. ಅದರ ಪೆಟ್ಟು ಕಡಿಮೆ. ಜೊತೆಗೆ ಅದರ ಸಿಡಿಮದ್ದು ತಳದ ಅಂಚಿನ ಒಳಗಿರುವುದರಿಂದ ಕೈಕೊಡುವ ಗುಂಡುಗಳ ಸಂಖ್ಯೆ, ಸಿಡಿಮದ್ದು ತಳದ ನಡುವೆ ಇರುವ ಗುಂಡಿಗಿಂತ ಹೆಚ್ಚು.

ಈಗ .32 ವಿಷಯ. ಇಲ್ಲಿ ಒಂದೇ ಅಂಕಿಗೆ ಎರಡು ಬೇರೆ ಬೇರೆ ಗುಂಡುಗಳಿವೆ. ಪಿಸ್ತೂಲಿನದು 7.65×17 ಎಂ.ಎಂ. ಚಿಕ್ಕ ಗುಂಡು. ರಿವಾಲ್ವರಿನದು 7.65×23 ಎಂ.ಎಂ., ಉದ್ದನೆಯದು, ತಳದಲ್ಲಿ ಅಗಲವಾದ ಅಂಚಿರುತ್ತದೆ. ಅಂಗಡಿಯಲ್ಲಿ "ಪಾಯಿಂಟ್ ಮೂವತ್ತೆರಡು ಕೊಡಿ" ಎಂದಷ್ಟೇ ಕೇಳಿದರೆ ತಪ್ಪು ಪೊಟ್ಟಣ ಕೈಗೆ ಬರಬಹುದು. ಉದ್ದನೆಯದು ಪಿಸ್ತೂಲಿನ ಮ್ಯಾಗಜೀನಿಗೆ (ಹಿಡಿಕೆಯೊಳಗೆ ಕೂರುವ ಗುಂಡಿನ ಪೆಟ್ಟಿಗೆಗೆ) ಹೋಗುವುದೇ ಇಲ್ಲ. ಚಿಕ್ಕದು ಕೆಲವು ರಿವಾಲ್ವರಿನ ಗುಂಡಿನ ಕೋಣೆಗೆ ಕೂರುತ್ತದೆ, ಅಪಾಯ ಇರುವುದು ಅಲ್ಲಿಯೇ: ಅದರ ಒತ್ತಡ ಆ ರಿವಾಲ್ವರಿಗೆ ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು. ಕೂತಿತು ಎಂದ ಮಾತ್ರಕ್ಕೆ ಹಾರಿಸಬೇಡಿ. ಪೊಟ್ಟಣದ ಮೇಲಿನ ಬರಹವನ್ನೂ ಆಯುಧದ ಮೇಲೆ ಕೊರೆದದ್ದನ್ನೂ ಎದುರುಬದುರು ಇಟ್ಟು ಓದಿಯೇ ಹಣ ಕೊಡಿ.

ಸರ್ಕಾರಿ ಕಾರ್ಖಾನೆಗಳ ಮಾದರಿಗಳಲ್ಲಿ ಅಶನಿ ಎಂಬುದು .32 ಪಿಸ್ತೂಲು. ರಿವಾಲ್ವರುಗಳಲ್ಲಿ ನಡುವೆ ಮುರಿದು ತೆರೆಯುವ ಹಳೆಯ ವಿನ್ಯಾಸದ ಆರು ಗುಂಡಿನ .32 ಇದೆ. 2014ರಲ್ಲಿ ಬಂದ ನಿರ್ಭೀಕ್ ಸುಮಾರು 500 ಗ್ರಾಂ ತೂಗುತ್ತದೆ. 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಪ್ರಬಲ್, ಸಿಲಿಂಡರ್ (ಗುಂಡು ತುಂಬುವ ತಿರುಗುವ ಉರುಳೆ) ಪಕ್ಕಕ್ಕೆ ಹೊರಳುವ ಮಾದರಿ, ನಳಿಕೆ 76 ಎಂ.ಎಂ., ತೂಕ 700 ಗ್ರಾಂ ಆಸುಪಾಸು. ಹಳೆಯ ವಿದೇಶಿ ಪಿಸ್ತೂಲುಗಳಿಗೆ ಬೆಲೆ ಏರಿರುವುದು ಹೊಸದಾಗಿ ಆಮದು ನಿಂತಿರುವುದರಿಂದ. ಗುಣ ಅದಕ್ಕೆ ತಕ್ಕಷ್ಟು ಏರಿಲ್ಲ. ಬಿಡಿಭಾಗ ಸಿಗದ ನಲವತ್ತು ಐವತ್ತು ವರ್ಷದ ಪಿಸ್ತೂಲನ್ನು ಪ್ರತಿಷ್ಠೆಗೆ ಕೊಳ್ಳಬೇಡಿ.

ಪಿಸ್ತೂಲೋ ರಿವಾಲ್ವರೋ? ನಮ್ಮ ತೀರ್ಮಾನ ಹೀಗಿದೆ. ಪಿಸ್ತೂಲು ಚಪ್ಪಟೆ, ಅಂಗಿಯ ಕೆಳಗೆ ಉಬ್ಬು ಕಾಣುವುದಿಲ್ಲ. ಆದರೆ ಅದರ ಸ್ಪ್ರಿಂಗು, ಮ್ಯಾಗಜೀನಿನ ತುಟಿ, ಗುಂಡಿನ ಗುಣ, ಹಿಡಿಯುವ ಕೈಯ ಬಿಗಿ ಎಲ್ಲವೂ ಸರಿಯಿದ್ದರೆ ಮಾತ್ರ ಅದು ನಡೆಯುತ್ತದೆ, ಸಿಕ್ಕಿಕೊಂಡರೆ ಬಿಡಿಸಲು ಅಭ್ಯಾಸ ಬೇಕು. ರಿವಾಲ್ವರಿನಲ್ಲಿ ಒಂದು ಗುಂಡು ಸಿಡಿಯದಿದ್ದರೆ ಟ್ರಿಗರ್ ಮತ್ತೊಮ್ಮೆ ಎಳೆದರೆ ಮುಂದಿನ ಗುಂಡು ಬರುತ್ತದೆ. ನಮ್ಮಲ್ಲಿ ಗುಂಡು ದುಬಾರಿ, ಗುರಿ ಅಭ್ಯಾಸದ ಜಾಗ ವಿರಳ. ವರ್ಷಕ್ಕೆ ಒಂದೆರಡು ಸಲವಷ್ಟೇ ಹಾರಿಸುವವರಿಗೆ ಮೂರು ಇಂಚು ನಳಿಕೆಯ .32 ರಿವಾಲ್ವರೇ ಸರಿ. ತಿಂಗಳಿಗೊಮ್ಮೆಯಾದರೂ ಅಭ್ಯಾಸ ಮಾಡುವ ಛಲವಿದ್ದವರು ಪಿಸ್ತೂಲಿಗೆ ಹೋಗಬಹುದು.

ಹಗುರವಾದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ತೂಕ ಇಳಿದರೆ ಹೊರುವುದು ಸುಲಭ, ಆದರೆ ಹಿನ್ನೊದೆತ ಹೆಚ್ಚಿ ಎರಡನೇ ಗುಂಡಿನ ಗುರಿ ತಪ್ಪುತ್ತದೆ. .32ಕ್ಕೆ 500ರಿಂದ 700 ಗ್ರಾಂ ಹದವಾದ ತೂಕ.

ಅಂಗಡಿಯ ಮೇಜಿನ ಮುಂದೆ

ಆಯುಧ ಕೈಗೆ ಬಂದ ತಕ್ಷಣ ನೀವೇ ತೆರೆದು ಖಾಲಿ ಇದೆಯೇ ನೋಡಿ. ಮಾರುವವರು ನೋಡಿದ್ದಾರೆ ಎಂಬುದು ಲೆಕ್ಕಕ್ಕಿಲ್ಲ. ಪಿಸ್ತೂಲಾದರೆ ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡು (ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ಗುಂಡಿನ ಕೋಣೆಗೆ ಕಣ್ಣು ಹಾಕಿ, ಕಿರುಬೆರಳು ತೂರಿಸಿ ಮುಟ್ಟಿ ನೋಡಿ. ಕ್ರಮ ತಪ್ಪಿಸಿದರೆ, ಅಂದರೆ ಸ್ಲೈಡು ಮೊದಲು ಎಳೆದರೆ, ಮ್ಯಾಗಜೀನಿನಲ್ಲಿರುವ ಇನ್ನೊಂದು ಗುಂಡು ಕೋಣೆಗೆ ಏರುತ್ತದೆ. "ಖಾಲಿ ಇದೆ ಅಂದುಕೊಂಡಿದ್ದೆ" ಎಂಬ ಎಷ್ಟೋ ಅವಘಡಗಳ ಮೂಲ ಇದು.

ಮುಷ್ಟಿಯಲ್ಲಿ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ಬರಬೇಕು. ಬೆರಳು ಎಟಕಲು ಹಿಡಿತ ತಿರುಗಿಸಬೇಕಾಗಿ ಬಂದರೆ ಆ ಮಾದರಿ ನಿಮ್ಮದಲ್ಲ. ರಿವಾಲ್ವರಿನ ಟ್ರಿಗರನ್ನು ಹ್ಯಾಮರ್ (ಗುಂಡಿನ ತಳಕ್ಕೆ ಬಡಿಯುವ ಸುತ್ತಿಗೆ) ಎತ್ತದೆ ನೇರವಾಗಿ ಎಳೆಯಲು ನಾಲ್ಕೈದು ಕಿಲೋ ಬಲ ಬೇಕು. ಮನೆಯಲ್ಲಿ ಹೆಂಡತಿಯೋ ವಯಸ್ಸಾದ ತಂದೆಯೋ ಲೈಸೆನ್ಸುದಾರರಾದರೆ ಅವರೇ ಅಂಗಡಿಗೆ ಬಂದು ಎಳೆದು ನೋಡಲಿ.

ರಿವಾಲ್ವರಿನಲ್ಲಿ ಇನ್ನೂ ಮೂರು ಪರೀಕ್ಷೆ. ಖಾಲಿ ರಿವಾಲ್ವರಿನ ಟ್ರಿಗರನ್ನು ನಿಧಾನಕ್ಕೆ ಎಳೆದು ಹಾಗೇ ಹಿಡಿದುಕೊಂಡು ಸಿಲಿಂಡರ್ ಅಲುಗಾಡಿಸಿ: ಕೂದಲೆಳೆಯಷ್ಟು ಆಡಬಹುದು, ಕಟಕಟ ಎನ್ನಬಾರದು. ಆರು ಕೋಣೆಗೂ ಇದನ್ನೇ ಮಾಡಿ, ಏಕೆಂದರೆ ಒಂದೇ ಕೋಣೆ ಸವೆದಿರಬಹುದು. ಸಿಲಿಂಡರಿಗೂ ನಳಿಕೆಯ ಹಿಂತುದಿಗೂ ನಡುವೆ ಸಂದು ಸುಮಾರು 0.15ರಿಂದ 0.25 ಎಂ.ಎಂ. ಇರಬೇಕು, ಮೆಕ್ಯಾನಿಕ್‌ಗಳು ಬಳಸುವ ಫಿಲ್ಲರ್ ಗೇಜ್ ತೂರಿಸಿ ಅಳೆಯಬಹುದು. ಸಂದು ದೊಡ್ಡದಾದರೆ ಸೀಸದ ಚೂರು, ಬಿಸಿ ಗಾಳಿ ಪಕ್ಕಕ್ಕೆ ಸಿಡಿಯುತ್ತವೆ. ನಳಿಕೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು. ಕಪ್ಪು ಗುಳಿಗಳಿದ್ದರೆ ತುಕ್ಕು ತಿಂದಿದೆ ಎಂದರ್ಥ, ಅದು ಉಜ್ಜಿದರೆ ಹೋಗುವುದಲ್ಲ.

ಹಳೆಯದನ್ನು ಇನ್ನೊಬ್ಬ ಲೈಸೆನ್ಸುದಾರರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣಾಧಿಕಾರಿಗೋ ಲಿಖಿತವಾಗಿ ತಿಳಿಸಿ 45 ದಿನ ಕಳೆದಿರಬೇಕು. ಕೊಂಡ ಮೇಲೆ ಆಯುಧದ ನಂಬರು ಲೈಸೆನ್ಸಿನಲ್ಲಿ ಅಂಕಿ ಅಂಕಿಗೂ ಸರಿಯಾಗಿ ಏರಿದೆಯೇ ನೋಡಿ. ಒಂದು ಅಂಕಿ ತಪ್ಪಿದರೂ ಮುಂದಿನ ತಪಾಸಣೆಯಲ್ಲಿ ನಿಮ್ಮ ಕೈಯಲ್ಲಿರುವುದು ಲೈಸೆನ್ಸಿಲ್ಲದ ಆಯುಧವಾಗುತ್ತದೆ.

ಹೋಲ್‌ಸ್ಟರ್, ಬೆಲ್ಟ್, ಉಡುಪು

ಒಳ್ಳೆಯ ಹೋಲ್‌ಸ್ಟರ್ ಮೂರು ಕೆಲಸ ಮಾಡಬೇಕು: ಟ್ರಿಗರ್ ಇರುವ ಭಾಗವನ್ನು ಪೂರ್ತಿ ಮುಚ್ಚಬೇಕು, ತಲೆಕೆಳಗಾದರೂ ಆಯುಧ ಬೀಳಬಾರದು, ಆಯುಧ ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು. ಬಟ್ಟೆಯ ಅಗ್ಗದ ಚೀಲಗಳು ಮೂರನೆಯದರಲ್ಲಿ ಸೋಲುತ್ತವೆ. ಬಾಯಿ ಮುದುಡಿಕೊಂಡರೆ ವಾಪಸು ಇಡುವಾಗ ಬಟ್ಟೆಯ ಮಡಿಕೆಯೋ ಅಂಗಿಯ ಅಂಚೋ ಟ್ರಿಗರಿಗೆ ಸಿಕ್ಕಿ ಗುಂಡು ಹಾರುತ್ತದೆ, ಅದೂ ನಿಮ್ಮ ತೊಡೆಗೇ. ವಾಪಸು ಇಡುವುದು ಎಂದೂ ಅವಸರದ ಕೆಲಸವಲ್ಲ: ಅಂಗಿಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು, ಹೋಲ್‌ಸ್ಟರಿನ ಬಾಯಿ ನೋಡಿ, ಬೆರಳು ನೇರ ಮಾಡಿ, ನಿಧಾನಕ್ಕೆ ಇಳಿಸಿ.

ಎಲ್ಲ ಮಾದರಿಗೂ ಒಂದೇ ಹೋಲ್‌ಸ್ಟರ್ ಎಂದು ಮಾರುವುದನ್ನು ಬಿಡಿ. ನಿಮ್ಮ ಮಾದರಿಗೇ ಅಚ್ಚು ತೆಗೆದದ್ದು ಬೇಕು. ಚರ್ಮದ್ದನ್ನು ಒಳ್ಳೆಯ ಚಮ್ಮಾರರಿಂದ ಮಾಡಿಸಬಹುದು, ಆದರೆ ಲೈಸೆನ್ಸಿನ ಆಯುಧವನ್ನು ಅಳತೆಗೆಂದು ಅಂಗಡಿಯಲ್ಲಿ ಬಿಟ್ಟು ಬರಬಾರದು, ಇನ್ನೊಬ್ಬರ ವಶಕ್ಕೆ ಕೊಡುವುದೇ ಅಪರಾಧ. ಖಾಲಿ ಮಾಡಿಕೊಂಡು ಹೋಗಿ ಮುಂದೆಯೇ ಕೂತು ಅಳತೆ ಕೊಡಿ. ದಪ್ಪ 3 ಎಂ.ಎಂ. ಚರ್ಮ, ಅಂಚಿನಲ್ಲಿ ಎರಡು ಸಾಲು ಹೊಲಿಗೆ, ಹ್ಯಾಮರಿನ ಹಿಂದೆ ಬರುವ ಬಟನ್ ಪಟ್ಟಿ ಇರಲಿ. ಪಟ್ಟಿ ಸಡಿಲವಾದ ದಿನವೇ ಬದಲಿಸಿ. ಚರ್ಮ ಮೆತ್ತಗಾಗಿ ಒಳಗೆ ಮಡಚಿಕೊಳ್ಳಲು ಶುರುವಾದರೆ ಆ ಹೋಲ್‌ಸ್ಟರಿನ ಆಯಸ್ಸು ಮುಗಿಯಿತು.

ಬೆಲ್ಟನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ಆಯುಧ ಮುಚ್ಚಿರುವುದೋ ಹೊರಗೆ ವಾಲುವುದೋ ಅದರ ಮೇಲೆಯೇ ನಿಂತಿದೆ. ಪ್ಯಾಂಟಿನ ಜೊತೆ ಬರುವ ತೆಳು ಬೆಲ್ಟು ಅರ್ಧ ಕಿಲೋ ತೂಕಕ್ಕೆ ತಿರುಚಿ ಹಿಡಿಕೆಯನ್ನು ಹೊರಗೆ ವಾಲಿಸುತ್ತದೆ. ಒಂದೂವರೆ ಇಂಚು ಅಗಲ, ಎರಡು ಪದರ ಚರ್ಮ ಹೊಲಿದ ಗಟ್ಟಿ ಬೆಲ್ಟು ಬೇಕು. ಅಂಚು ಮೇಲೆ ಮಾಡಿ ಅಡ್ಡಲಾಗಿ ಹಿಡಿದರೆ ಜೋತು ಬೀಳಬಾರದು.

ಬಲಗೈಯವರಿಗೆ ಬಲ ಸೊಂಟದ ಮೂಳೆಯ ಸ್ವಲ್ಪ ಹಿಂದೆ, ಪ್ಯಾಂಟಿನ ಒಳಬದಿಗೆ ಸಿಕ್ಕಿಸುವುದು ಹೆಚ್ಚು ಜನಕ್ಕೆ ಹೊಂದುತ್ತದೆ. ಸೊಂಟದ ಅಳತೆ ಎರಡು ಇಂಚು ದೊಡ್ಡದಿರುವ ಪ್ಯಾಂಟು ಕೊಳ್ಳಿ. ಮೇಲೆ ಇನ್ ಮಾಡದ, ಗಾಢ ಬಣ್ಣದ ಚೌಕುಳಿ ಅಂಗಿ ಉಬ್ಬನ್ನು ನುಂಗುತ್ತದೆ, ಬಿಳಿ ತೆಳು ಅಂಗಿ ಎಲ್ಲವನ್ನೂ ತೋರಿಸುತ್ತದೆ. ಕನ್ನಡಿ ಮುಂದೆ ಮೂರು ಭಂಗಿ ನೋಡಿ: ಬಗ್ಗಿ ಚಪ್ಪಲಿ ಹಾಕುವುದು, ಕೈ ಮೇಲೆತ್ತುವುದು, ಕುರ್ಚಿಯಲ್ಲಿ ಕೂತು ಏಳುವುದು. ಹಿಡಿಕೆ ಕಂಡರೆ ಹೋಲ್‌ಸ್ಟರಿನ ಓರೆಯನ್ನು ಬದಲಿಸಿ. ಬೆನ್ನುಮೂಳೆಯ ಮೇಲೆ ನೇರ ಇಡಬೇಡಿ, ಬೈಕಿನಿಂದ ಬಿದ್ದರೆ ಪೆಟ್ಟು ಅಲ್ಲಿಗೇ.

ಪಂಚೆ, ಜುಬ್ಬ ಉಡುವವರಿಗೆ ಸೊಂಟ ಆಗುವುದಿಲ್ಲ. ಗಂಟು ಹಾಕಿದ ಪಂಚೆ ಅರ್ಧ ಕಿಲೋವನ್ನು ಹಿಡಿದು ನಿಲ್ಲಿಸುವುದಿಲ್ಲ. ಅವರಿಗೂ ಸೀರೆ ಉಡುವ ಹೆಣ್ಣುಮಕ್ಕಳಿಗೂ ಅಡ್ಡ ಹಾಕುವ ಚೀಲವೇ ದಾರಿ. ಆದರೆ ಆಯುಧಕ್ಕೆಂದೇ ಪ್ರತ್ಯೇಕ ಜಿಪ್ಪಿನ ಅರೆ ಇರಬೇಕು, ಅದರೊಳಗೆ ಹೋಲ್‌ಸ್ಟರ್ ಹೊಲಿದಿರಬೇಕು, ಬೀಗದ ಕೈ, ಪೆನ್ನು, ಚಿಲ್ಲರೆ ಯಾವುದೂ ಅಲ್ಲಿ ಸೇರಬಾರದು. ಚೀಲ ಮೈಯಿಂದ ಕಳಚುವಂತಿಲ್ಲ: ಹೋಟೆಲಿನ ಕುರ್ಚಿಗೆ ನೇತು ಹಾಕಿದರೆ, ಬಸ್ಸಿನ ಮೇಲಿನ ಹಲಗೆಗೆ ಇಟ್ಟರೆ ಹತೋಟಿ ತಪ್ಪಿತು. ಸ್ಕೂಟರಿನ ಸೀಟಿನ ಕೆಳಗಿನ ಡಿಕ್ಕಿ, ನಿಲ್ಲಿಸಿದ ಕಾರಿನ ಗ್ಲೋವ್‌ಬಾಕ್ಸ್ ಎಂದೂ ಬೇಡ. ಕಳೆದುಹೋದರೆ ತಕ್ಷಣ ಹತ್ತಿರದ ಠಾಣೆಗೆ ತಿಳಿಸುವುದು ಕಡ್ಡಾಯ.

ಗುಂಡು ತುಂಬುವ ರೀತಿ

ಹ್ಯಾಮರ್ ತಡೆ ಇಲ್ಲದ ಹಳೆಯ ರಿವಾಲ್ವರಿನಲ್ಲಿ ಹ್ಯಾಮರ್ ಕೆಳಗಿನ ಕೋಣೆ ಖಾಲಿ ಬಿಟ್ಟು ಐದೇ ಗುಂಡು ತುಂಬಿ, ಬಿದ್ದಾಗ ಹ್ಯಾಮರಿಗೆ ಪೆಟ್ಟು ಬಿದ್ದರೆ ಗುಂಡು ಹಾರುವುದು ಹೀಗೆ ತಪ್ಪುತ್ತದೆ. ಪಿಸ್ತೂಲಿನಲ್ಲಿ ಮ್ಯಾಗಜೀನ್ ತುಂಬಿ, ಕೋಣೆ ಖಾಲಿ ಇಟ್ಟು ಒಯ್ಯಿರಿ. 7.65×17 ಗುಂಡಿನ ತಳಕ್ಕೆ ಸಣ್ಣ ಅಂಚಿದೆ. ಮ್ಯಾಗಜೀನಿಗೆ ತುಂಬುವಾಗ ಮೇಲಿನ ಗುಂಡಿನ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಪಿಸ್ತೂಲು ನಿಂತುಬಿಡುತ್ತದೆ, ಮ್ಯಾಗಜೀನ್ ಹೊರತೆಗೆಯದೆ ಬಿಡಿಸಲಾಗದು.

ಟ್ರಿಗರ್ ಎಳೆದೂ ಗುಂಡು ಸಿಡಿಯದಿದ್ದರೆ, ಅಭ್ಯಾಸದ ಜಾಗದಲ್ಲಿ, ನಳಿಕೆಯನ್ನು ಗುರಿಯ ಕಡೆಯೇ ಇಟ್ಟು ಮೂವತ್ತು ಸೆಕೆಂಡು ಕಾಯಿರಿ. ತಡವಾಗಿ ಸಿಡಿಯುವ ಗುಂಡುಗಳಿವೆ. ಮೈ ಬೆವರಿಗೆ ತಾಗಿಕೊಂಡು ತಿಂಗಳುಗಟ್ಟಲೆ ಇದ್ದ ಗುಂಡನ್ನು ಅಭ್ಯಾಸಕ್ಕೆ ಬಳಸಿ ಹೊಸದನ್ನು ತುಂಬಿ. ಗುಂಡಿಗೆ ಎಣ್ಣೆ ಸವರಬಾರದು, ಅದು ಸಿಡಿಮದ್ದಿನೊಳಗೆ ಇಳಿದು ಮದ್ದನ್ನು ಕೆಡಿಸುತ್ತದೆ.

ಮನೆಯಲ್ಲಿ

ಬೀರುವಿನ ಬೀಗದ ಕೈ ಎಲ್ಲಿದೆ ಎಂಬುದು ಮನೆಯ ಮಕ್ಕಳಿಗೆಲ್ಲ ಗೊತ್ತಿರುತ್ತದೆ. ಗೋಡೆಗೆ ಬೋಲ್ಟ್ ಹಾಕಿದ ಬೇರೆಯದೇ ಉಕ್ಕಿನ ಲಾಕರ್ ಇರಲಿ, ಕೀ ನಿಮ್ಮ ಹತ್ತಿರವೇ ಇರಲಿ. ಗುಂಡುಗಳನ್ನು ಇನ್ನೊಂದು ಬೀಗದಲ್ಲಿಡಿ. ಲಾಕರಿನಲ್ಲಿ ಹೋಲ್‌ಸ್ಟರಿನಿಂದ ಹೊರತೆಗೆದೇ ಇಡಿ: ಚರ್ಮ ಹದಮಾಡಲು ಬಳಸಿದ ಲವಣಗಳು ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತವೆ. ಮಳೆಗಾಲದಲ್ಲಿ, ಅದರಲ್ಲೂ ನಾಲೆ ಬಯಲಿನ ಊರುಗಳಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ.

ಒಯ್ದ ದಿನವೆಲ್ಲ ಸಂಜೆ ಒಣ ಬಟ್ಟೆಯಲ್ಲಿ ಬೆವರು ಒರೆಸಿ. ಹಾರಿಸಿದ ದಿನ, ಇಲ್ಲವೇ ತಿಂಗಳಿಗೊಮ್ಮೆ, ಪೂರ್ತಿ ಶುಚಿ ಮಾಡಿ: ಖಾಲಿ ಮಾಡಿ, ಗುಂಡುಗಳನ್ನು ಮನೆಯ ಇನ್ನೊಂದು ಕೋಣೆಯಲ್ಲಿಟ್ಟು, .32 ಅಳತೆಯ ಹಿತ್ತಾಳೆ ಬ್ರಷ್ಷಿಗೆ ದ್ರಾವಣ ಹಚ್ಚಿ ಹತ್ತು ಸಲ ಎಳೆದು, ಬಟ್ಟೆ ಬಿಳಿಯಾಗಿ ಬರುವ ತನಕ ಒರೆಸಿ, ಕೊನೆಗೆ ಬಂದೂಕಿನ ಎಣ್ಣೆ ತೆಳುವಾಗಿ ಒಂದು ಹನಿ. ಕೊಬ್ಬರಿ ಎಣ್ಣೆ ಹಾಕಬೇಡಿ. ಮೊದಲು ನಯವಾಗಿ ಕಂಡರೂ ಕೆಲವು ವಾರದಲ್ಲಿ ಅಂಟಾಗಿ ದೂಳು ಹಿಡಿದು ಸ್ಪ್ರಿಂಗನ್ನು ಕಟ್ಟಿಹಾಕುತ್ತದೆ.

ಎಲ್ಲಿಗೆ ಒಯ್ಯಬಾರದು

ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲಾ ಕಾಲೇಜಿನ ಆವರಣಕ್ಕೆ ಆಯುಧ ಒಯ್ಯಬಾರದು ಎಂಬುದು ಲೈಸೆನ್ಸಿನ ಷರತ್ತು. ದಸರಾ ಜಂಬೂಸವಾರಿ, ನಂಜನಗೂಡಿನ ದೊಡ್ಡ ಜಾತ್ರೆ, ಮೇಲುಕೋಟೆಯ ವೈರಮುಡಿ ಉತ್ಸವ, ಮಾನಸಗಂಗೋತ್ರಿಯ ವಿಶ್ವವಿದ್ಯಾಲಯದ ಆವರಣ ಎಲ್ಲವೂ ಇದರಲ್ಲಿ ಬಂದವು. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧ ತರುವಂತಿಲ್ಲ, ರಾಷ್ಟ್ರೀಯ ಉದ್ಯಾನಕ್ಕೂ ಅದೇ ನಿಯಮ. ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಊಟಿಗೆ ಹೋಗುವ ರಸ್ತೆ ಬಂಡೀಪುರದ ನಡುವೆಯೇ ಹಾಯುತ್ತದೆ, ಅದರಾಚೆ ತಮಿಳುನಾಡು. ಲೈಸೆನ್ಸು ಕರ್ನಾಟಕಕ್ಕೆ ಸೀಮಿತವಾಗಿದ್ದರೆ ಎರಡು ಕಡೆ ತಪ್ಪಾಗುತ್ತದೆ. ಆ ಪ್ರವಾಸಕ್ಕೆ ಆಯುಧ ಮನೆಯ ಲಾಕರಿನಲ್ಲಿರಲಿ.

ಬಳಸುವ ಹಕ್ಕಿಗೂ ಮಿತಿಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕನ್ನು ಹೇಳುತ್ತವೆ. ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕು ಇಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಹಾರಿಸಿದ ಗುಂಡನ್ನು ಆತ್ಮರಕ್ಷಣೆ ಎಂದು ಸಾಧಿಸುವುದು ಬಹಳ ಕಷ್ಟ. ಹೆದರಿಸಲು ಆಕಾಶಕ್ಕೆ ಹಾರಿಸಿದ ಗುಂಡೂ ಎಲ್ಲೋ ಬಂದು ಬೀಳುತ್ತದೆ. ಜಗಳ ಏರುತ್ತಿದ್ದರೆ ಜಾಗ ಬಿಟ್ಟು ಹೊರಡುವ ಜವಾಬ್ದಾರಿ ಸೊಂಟದಲ್ಲಿ ಪಿಸ್ತೂಲಿದ್ದವನಿಗೇ ಹೆಚ್ಚು. ಕುಡಿಯುವ ಕೂಟಕ್ಕೆ ಹೊರಟ ದಿನ ಆಯುಧವನ್ನು ಮನೆಯಲ್ಲಿಯೇ ಬಿಡಿ.

ಚುನಾವಣೆ ಬಂದಾಗ ಆಯುಧ ಠಾಣೆಗೆ ಒಪ್ಪಿಸಲು ಆದೇಶ ಬಂದರೆ ಖಾಲಿ ಮಾಡಿ, ಎಣ್ಣೆ ಸವರಿ ಒಯ್ಯಿರಿ. ಆಯುಧದ ನಂಬರು, ಗುಂಡಿನ ಲೆಕ್ಕ, ಮ್ಯಾಗಜೀನಿನ ಸಂಖ್ಯೆ ಬರೆದ ರಸೀದಿ ಪಡೆಯಿರಿ. ನವೀಕರಣದ ಅರ್ಜಿಯನ್ನು ಅವಧಿ ಮುಗಿಯುವ ಎರಡು ಮೂರು ತಿಂಗಳು ಮುಂಚೆಯೇ ಕೊಟ್ಟುಬಿಡಿ. ಅಷ್ಟಾಗಿಯೂ ಅವಧಿ ಮೀರಿ ಹೋದರೆ ಆಯುಧವನ್ನು ಮನೆಯಲ್ಲಿ ಇಟ್ಟುಕೊಳ್ಳದೆ ತಡಮಾಡದೇ ಹತ್ತಿರದ ಠಾಣೆಯಲ್ಲಾಗಲಿ ಲೈಸೆನ್ಸಿರುವ ಬಂದೂಕು ಅಂಗಡಿಯಲ್ಲಾಗಲಿ ಠೇವಣಿ ಇಟ್ಟು, ರಸೀದಿಯ ಪ್ರತಿಯನ್ನು ನವೀಕರಣದ ಕಡತಕ್ಕೆ ಸೇರಿಸಿ.